25 ಪೌಂಡಿಗೆ ಒಂದು ಮತ: ಎಎಫ್‌ಸಿ ವಿಂಬಲ್ಡನ್ ಅಭಿಮಾನಿಗೆ ಮಾರುವುದೇನು, ಅದರಲ್ಲಿ ಕೊಳ್ಳತಕ್ಕದ್ದೇನು

ವಿಂಬಲ್ಡನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಟೆನಿಸ್. ಆ ಹುಲ್ಲಿನ ಅಂಕಣಗಳಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ವಾಂಡಲ್ ಎಂಬ ಸಣ್ಣ ನದಿಯ ಹತ್ತಿರ, ಪ್ಲೌ ಲೇನ್ ಎಂಬ ಫುಟ್‌ಬಾಲ್ ಮೈದಾನವಿದೆ. ಒಂಬತ್ತು ಸಾವಿರ ಚಿಲ್ಲರೆ ಜನ ಹಿಡಿಸುವ ಜಾಗ. ಇಲ್ಲಿ ಆಡುವ ಎಎಫ್‌ಸಿ ವಿಂಬಲ್ಡನ್‌ಗೆ ಒಬ್ಬ ಧಣಿ ಎಂಬುವನಿಲ್ಲ. ನಿಯಂತ್ರಣದ ಪಾಲು ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ್ದು. ಕ್ಲಬ್ ಮತ್ತು ಟ್ರಸ್ಟ್ ಸೇರಿ ಸಾಮಾನ್ಯ ಅಭಿಮಾನಿಯ ಮುಂದೆ ಇಟ್ಟಿರುವುದು ಮೂರು ಸರಕು: ಪಂದ್ಯದ ಟಿಕೆಟ್, ಟ್ರಸ್ಟ್‌ನ ಸದಸ್ಯತ್ವ, ಮೈದಾನ ಕಟ್ಟಲು 2020ರಲ್ಲಿ ಹೊರಡಿಸಿದ ಬಾಂಡ್, ಅಂದರೆ ಸಾಲಪತ್ರ. ಮೂರನ್ನೂ ಒಂದೊಂದಾಗಿ ತೂಗಿ ನೋಡುವ ಬರಹ ಇದು. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಟಿಕೆಟ್ಟಿನ ಭಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಣ್ಣ ಕ್ಲಬ್ಬೊಂದು ಹೇಗೆ ಉಸಿರಾಡುತ್ತದೆ ಎಂದು ತಿಳಿಯಬಯಸುವವರಿಗೆ ಉಳಿದೆರಡು.

ಹಿನ್ನೆಲೆ ಗೊತ್ತಿಲ್ಲದೆ ಬೆಲೆ ಕಟ್ಟಲಾಗದು, ಹಾಗಾಗಿ ಅದನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ವಿಂಬಲ್ಡನ್ ಎಫ್‌ಸಿ, ಇಂಗ್ಲೆಂಡಿನ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ 1988ರ ಫೈನಲ್‌ನಲ್ಲಿ ಲಿವರ್‌ಪೂಲ್ ಅನ್ನು 1-0ರಿಂದ ಸೋಲಿಸಿದ ತಂಡ. ಮೂರೇ ವರ್ಷದಲ್ಲಿ, 1991ರಲ್ಲಿ, ತನ್ನ ಮೈದಾನ ಬಿಟ್ಟು ಕ್ರಿಸ್ಟಲ್ ಪ್ಯಾಲೇಸ್‌ನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಬಾಡಿಗೆಗೆ ಕೂತಿತು. 2002ರ ಮೇ 28ರಂದು ಮೂವರ ಆಯೋಗವೊಂದು ಎರಡಕ್ಕೆ ಒಂದು ಮತದಿಂದ, ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್ ಊರಿಗೆ ಸಾಗಿಸಲು ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ಕೆಲವೇ ವಾರಗಳಲ್ಲಿ ಹೊಸ ಕ್ಲಬ್ ಕಟ್ಟಿದರು. ಜೂನ್ ಕೊನೆಗೆ ವಿಂಬಲ್ಡನ್ ಕಾಮನ್‌ನ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಯಿತು. ಬಂದವರು ಇನ್ನೂರಕ್ಕೂ ಹೆಚ್ಚು. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ಮೊದಲ ಸ್ನೇಹಪಂದ್ಯ. 4-0 ಸೋಲು, ನೋಡಲು ಬಂದ ಜನ 4,657. ಆ ಸಂಖ್ಯೆಯನ್ನು ಗಮನಿಸಿ. ಒಂದು ಗೋಲನ್ನೂ ಹೊಡೆದಿರದ ತಂಡಕ್ಕೆ ಬಂದ ಜನ ಅದು. ಆ ವರ್ಷ ಕಂಬೈನ್ಡ್ ಕೌಂಟೀಸ್ ಲೀಗ್ ಎಂಬ ಕೆಳಹಂತದ ಲೀಗ್‌ನಲ್ಲಿ ಆಡಿದ ಈ ತಂಡದ ಸರಾಸರಿ ಪ್ರೇಕ್ಷಕರು ಮೂರು ಸಾವಿರ. ಸ್ಥಳಾಂತರಕ್ಕೆ ಕಾದಿದ್ದ ವೃತ್ತಿಪರ ತಂಡಕ್ಕೆ ಅಷ್ಟು ಜನ ಬರಲಿಲ್ಲ. ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ವೃತ್ತಿಪರ ತಂಡಗಳ ಫುಟ್‌ಬಾಲ್ ಲೀಗ್ ಸೇರಿದರು.

ಟಿಕೆಟ್

ಮೊದಲು ದಾರಿ. ಥೇಮ್ಸ್‌ಲಿಂಕ್ ರೈಲಿನಲ್ಲಿ ಬರುವವರಿಗೆ ಹೇಡನ್ಸ್ ರೋಡ್ ನಿಲ್ದಾಣ ಹತ್ತಿರ, ಹತ್ತು ನಿಮಿಷದ ನಡಿಗೆ. ಆದರೆ ಅಲ್ಲಿ ರೈಲುಗಳು ಕಡಿಮೆ, ಪಂದ್ಯ ಮುಗಿದ ಕೂಡಲೇ ಪ್ಲಾಟ್‌ಫಾರಂ ತುಂಬಿಬಿಡುತ್ತದೆ. ಡಿಸ್ಟ್ರಿಕ್ಟ್ ಲೈನಿನ ವಿಂಬಲ್ಡನ್ ಪಾರ್ಕ್ ಇಲ್ಲವೇ ನಾರ್ದರ್ನ್ ಲೈನಿನ ಟೂಟಿಂಗ್ ಬ್ರಾಡ್‌ವೇ ಸ್ವಲ್ಪ ದೂರವಾದರೂ ವಾಪಸಾಗಲು ವಾಸಿ. ಟೂಟಿಂಗ್ ಕಡೆಯಿಂದ ನಡೆದು ಬರುವುದರಲ್ಲಿ ಇನ್ನೊಂದು ಲಾಭವಿದೆ: ಅಲ್ಲಿ ದೋಸೆ, ಇಡ್ಲಿ ಸಿಗುವ ದಕ್ಷಿಣ ಭಾರತದ ಹೋಟೆಲುಗಳಿವೆ. ಮಧ್ಯಾಹ್ನ ಮೂರರ ಪಂದ್ಯಕ್ಕೆ ಮೊದಲು ಊಟ ಮುಗಿಸಿಕೊಂಡೇ ಹೋಗಬಹುದು.

ಆದರೆ ಕ್ಲಬ್ಬಿನ ಹಿತ ನೋಡಿದರೆ ನೀವು ಒಳಗೆ ತಿನ್ನಬೇಕು. ಟಿಕೆಟ್ ದುಡ್ಡು ಎಲ್ಲಿ ಹೋಗುತ್ತದೆ ಎಂಬ ಲೆಕ್ಕ ನೋಡಿದರೆ ಇದು ಅರ್ಥವಾಗುತ್ತದೆ. ಉದಾಹರಣೆಗೆ ವಯಸ್ಕರ ಟಿಕೆಟ್ 25 ಪೌಂಡ್ ಎಂದಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಇದರ ಮೇಲೆ ಶೇ. 20 ವ್ಯಾಟ್ ಇದೆ, ಬೆಲೆಯೊಳಗೇ ಸೇರಿರುತ್ತದೆ. ತೆರಿಗೆ ಕಳೆದರೆ ಕ್ಲಬ್ಬಿಗೆ ಉಳಿಯುವುದು 20.83 ಪೌಂಡ್. ಈಗ ವಾರಕ್ಕೆ 2,000 ಪೌಂಡ್ ಸಂಬಳದ ಒಬ್ಬ ಆಟಗಾರನನ್ನು ತೆಗೆದುಕೊಳ್ಳಿ. ವರ್ಷಕ್ಕೆ 1,04,000. ಅದರ ಮೇಲೆ ಮಾಲೀಕರು ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ, 2025ರ ಏಪ್ರಿಲ್‌ನ ದರದಂತೆ, ಮೊದಲ 5,000 ಬಿಟ್ಟು ಉಳಿದದ್ದಕ್ಕೆ ಶೇ. 15, ಅಂದರೆ 14,850. ಒಟ್ಟು 1,18,850 ಪೌಂಡ್. ಈ ಒಬ್ಬ ಆಟಗಾರನ ಖರ್ಚಿಗೇ ಪೂರ್ತಿ ಬೆಲೆಯ 5,700ಕ್ಕೂ ಹೆಚ್ಚು ಟಿಕೆಟ್ ಮಾರಬೇಕು! ಲೀಗ್‌ನ 24 ತಂಡಗಳ ಲೆಕ್ಕದಲ್ಲಿ ತವರಿನ ಪಂದ್ಯಗಳು 23 ಮಾತ್ರ. ಬಂದವರಲ್ಲಿ ಮಕ್ಕಳು, ಹಿರಿಯರು, ರಿಯಾಯಿತಿಯವರು ಎಷ್ಟೋ ಜನ. ಕಾವಲು ಸಿಬ್ಬಂದಿ, ಪೊಲೀಸ್, ವಿದ್ಯುತ್, ಹುಲ್ಲಿನ ಆರೈಕೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಗೇಟ್ ಕಲೆಕ್ಷನ್ ಒಂದರಿಂದಲೇ ವೃತ್ತಿಪರ ತಂಡ ನಡೆಸುವುದು ಈ ಮಟ್ಟದಲ್ಲಿ ಆಗದ ಮಾತು.

ಹೀಗಾಗಿಯೇ ಪೈ, ಬಿಯರ್, ಟೀ ಶರ್ಟು, ಊಟದ ಮೇಜು, ಮದುವೆಗೆ ಸಭಾಂಗಣ ಇವೆಲ್ಲ ಬೇಕಾಗುತ್ತವೆ. ಇದರಲ್ಲೂ ಒಂದು ಕಟ್ಟುಪಾಡಿದೆ. 1985ರ ಕಾನೂನಿನ ಪ್ರಕಾರ ಇಂಗ್ಲೆಂಡಿನ ಮೇಲಿನ ಹಂತಗಳ ಪಂದ್ಯದಲ್ಲಿ, ಅಂಕಣ ಕಾಣುವ ಜಾಗದಲ್ಲಿ ನಿಂತು ಮದ್ಯ ಕುಡಿಯುವಂತಿಲ್ಲ. ಕೆಳಗಿನ ಹವ್ಯಾಸಿ ಲೀಗ್‌ಗಳಲ್ಲಿ ಗ್ಲಾಸು ಹಿಡಿದುಕೊಂಡೇ ಆಟ ನೋಡಬಹುದು. ಬಡ್ತಿ ಸಿಕ್ಕಂತೆ ಆ ವ್ಯಾಪಾರ ತಪ್ಪುತ್ತದೆ. ಎಲ್ಲ ಮಾರಾಟ ಪಂದ್ಯಕ್ಕೆ ಮುಂಚಿನ ಒಂದೂವರೆ ಗಂಟೆಗೂ ಹದಿನೈದು ನಿಮಿಷದ ವಿರಾಮಕ್ಕೂ ಕುಗ್ಗುತ್ತದೆ. ವಿರಾಮದಲ್ಲಿ ಸಾಲು ಉದ್ದವಾದರೆ ಜನ ಬೇಸತ್ತು ಸೀಟಿಗೆ ಮರಳುತ್ತಾರೆ, ಆ ದುಡ್ಡು ಹೋದಂತೆಯೇ. ಸಣ್ಣ ಕ್ಲಬ್ಬೊಂದರ ಜಾಣತನ ಅಳೆಯಬೇಕೆಂದರೆ ನಾನು ನೋಡುವುದು ಕೌಂಟರ್‌ಗಳ ಸಂಖ್ಯೆಯನ್ನು, ಜನರನ್ನು ಎರಡು ಗಂಟೆಗೇ ಒಳಗೆ ಕರೆಸಿಕೊಳ್ಳುವ ಬಾರನ್ನು. ಪ್ಲೌ ಲೇನ್‌ನಲ್ಲಿ ಬೇಗ ಬಂದವರಿಗೆ ಕೂತು ಹರಟಲು ಜಾಗವಿದೆ. ಬಾಡಿಗೆ ಮೈದಾನದಲ್ಲಿ ಇಂಥ ವ್ಯಾಪಾರದ ಲಾಭ ಮೈದಾನದ ಮಾಲೀಕನ ಜೇಬಿಗೆ ಹೋಗುವುದೇ ಹೆಚ್ಚು. ಸ್ವಂತ ನೆಲ ಬೇಕು ಎಂದು ಅಭಿಮಾನಿಗಳು ಇಷ್ಟು ಹಠ ಹಿಡಿದದ್ದಕ್ಕೆ ಭಾವನೆಯಷ್ಟೇ ಕಾರಣವಲ್ಲ.

ಸೀಟಿನ ಆಯ್ಕೆಯಲ್ಲಿ ನನ್ನ ಸಲಹೆ: ಮೊದಲ ಸಲ ಹೋಗುವವರು, ಮಕ್ಕಳಿಲ್ಲದಿದ್ದರೆ, ಗೋಲಿನ ಹಿಂದೆ ನಿಂತು ನೋಡುವ ದಕ್ಷಿಣದ ಸ್ಟ್ಯಾಂಡಿಗೆ ಹೋಗಿ. ಕೂಗು, ಹಾಡು ಎಲ್ಲ ಅಲ್ಲೇ. ಮಕ್ಕಳಿದ್ದರೆ ಉದ್ದದ ಬದಿಯ ಸೀಟು. ಮೈದಾನ ಚಿಕ್ಕದಾದ್ದರಿಂದ ಎಲ್ಲಿ ಕೂತರೂ ಆಟಗಾರರ ಮಾತು ಕಿವಿಗೆ ಬೀಳುತ್ತದೆ. ದೊಡ್ಡ ಎದುರಾಳಿ ಬಂದಾಗ ಟಿಕೆಟ್ ಬೇಗ ಮುಗಿಯುವುದೇ ದೊಡ್ಡ ತೊಂದರೆ. ಸೀಸನ್ ಟಿಕೆಟ್ ಇದ್ದವರಿಗೆ ಮೊದಲ ಹಕ್ಕು.

ಸೀಸನ್ ಟಿಕೆಟ್ ಬಗ್ಗೆ ಒಂದು ಎಚ್ಚರಿಕೆಯ ಮಾತು, ಇದು ಎಲ್ಲ ಸಣ್ಣ ಕ್ಲಬ್ಬುಗಳಿಗೂ ಅನ್ವಯ. ಅದನ್ನು ಮಾರುವುದು ವಸಂತದಲ್ಲಿ. ಪಂದ್ಯ ಶುರುವಾಗುವುದು ಆಗಸ್ಟ್‌ನಲ್ಲಿ. ಮೇ, ಜೂನ್, ಜುಲೈ ತಿಂಗಳಲ್ಲಿ ಗೇಟಿನಿಂದ ಹೆಚ್ಚುಕಡಿಮೆ ಏನೂ ಬರುವುದಿಲ್ಲ, ಸಂಬಳ ಮಾತ್ರ ತಪ್ಪದೆ ಕೊಡಬೇಕು. ಕೈಯಲ್ಲಿರುವ ಸೀಸನ್ ಟಿಕೆಟ್ ಹಣ ಮುಂದಿನ ವರ್ಷದ್ದು. ಅದನ್ನು ಹಿಂದಿನ ವರ್ಷದ ಬಾಕಿಗೆ ಸುರಿದರೆ ಜನವರಿ ಹೊತ್ತಿಗೆ ತಿಜೋರಿ ಬರಿದು. ಆಗ ಮೊದಲು ತಪ್ಪುವುದು ಸಂಬಳದಿಂದ ಕಡಿತ ಮಾಡಿದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವುದು, ಏಕೆಂದರೆ ಅದು ತಕ್ಷಣ ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ತೆರಿಗೆ ಇಲಾಖೆ ಕಂಪನಿ ಮುಚ್ಚಿಸುವ ಅರ್ಜಿ ಹಾಕುತ್ತದೆ, ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ಲೀಗ್ ತಡೆ ಹಾಕುತ್ತದೆ, ದಿವಾಳಿಯಾಗಿ ಆಡಳಿತಾಧಿಕಾರಿ ಬಂದರೆ 12 ಅಂಕ ಕಡಿತ. ಬಡ್ತಿ ಗೆದ್ದ ವರ್ಷವೇ ಮುಳುಗಿದ ಕ್ಲಬ್ ಇದೆ: 1885ರಲ್ಲಿ ಹುಟ್ಟಿದ ಬರಿ, 2019ರ ವಸಂತದಲ್ಲಿ ಮೇಲಿನ ಹಂತಕ್ಕೇರಿ, ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಅವರ ಗಿಗ್ ಲೇನ್ ಮೈದಾನ ಆ ಹೊತ್ತಿಗೆ ಅಡಮಾನದಲ್ಲಿತ್ತು.

ಟ್ರಸ್ಟ್‌ನ ಸದಸ್ಯತ್ವ

ಮೂರರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ. ಟಿಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಬೇರೆಯಾಗಿ ಕೊಳ್ಳಬೇಕು. ವಯಸ್ಕರಿಗೆ ವರ್ಷಕ್ಕೆ 25 ಪೌಂಡ್ ಎಂಬುದು ಬಹುಕಾಲದ ದರ. ಕೊಳ್ಳುವ ಮುನ್ನ ಆ ವರ್ಷದ ದರ ನೋಡಿಕೊಳ್ಳಿ. ಪ್ರತಿಯಾಗಿ ಸಿಗುವುದು ಒಂದು ಮತ. ಕೋಟ್ಯಧಿಪತಿಗೂ ಒಂದೇ, ಬಸ್ ಚಾಲಕನಿಗೂ ಒಂದೇ. 1905ರಲ್ಲಿ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದ ನಾಡಿನವರಿಗೆ ಈ ವ್ಯವಸ್ಥೆ ಹೊಸದೇನಲ್ಲ. ನಮ್ಮ ಹಳ್ಳಿಯ ಹಾಲಿನ ಸಂಘದಂತೆಯೇ ಇಲ್ಲೂ ಬಂಡವಾಳಕ್ಕಲ್ಲ, ತಲೆಗೆ ಮತ.

ಆ ಮತದಿಂದ ಏನೇನು ಮಾಡಬಹುದು? ಟ್ರಸ್ಟ್‌ನ ಆಡಳಿತ ಮಂಡಳಿಯನ್ನು ಆರಿಸಬಹುದು. ಮಂಡಳಿ ಕ್ಲಬ್ ನಡೆಸುವ ಕಂಪನಿಯ ಮೇಲೆ ಕಣ್ಣಿಡುತ್ತದೆ. ಮೈದಾನ ಮಾರುವುದು, ನಿಯಂತ್ರಣದ ಪಾಲು ಬಿಟ್ಟುಕೊಡುವುದು ಇಂಥ ದೊಡ್ಡ ತೀರ್ಮಾನ ಸದಸ್ಯರ ಮುಂದೆ ಬರಲೇಬೇಕು. ಏನು ಮಾಡಲಾಗದು ಎಂಬುದೂ ಗೊತ್ತಿರಲಿ. ಕೋಚ್ ಯಾರಾಗಬೇಕು, ಯಾರನ್ನು ಆಡಿಸಬೇಕು ಎಂಬುದಕ್ಕೆ ಮತವಿಲ್ಲ, ಇರಲೂಬಾರದು. ಶನಿವಾರ ಸೋತ ಸಿಟ್ಟು ಸೋಮವಾರ ಮತಪತ್ರವಾದರೆ ಯಾವ ತಂಡವೂ ನಿಲ್ಲದು.

ಈ ಮತದ ಬೆಲೆ ನಿಜವಾಗಿ ಗೊತ್ತಾದದ್ದು 2019ರ ಕೊನೆಯಲ್ಲಿ. ಹಳೆಯ ಮೈದಾನದ ಹತ್ತಿರವೇ, ಹಿಂದೆ ನಾಯಿಗಳ ರೇಸ್ ನಡೆಯುತ್ತಿದ್ದ ಜಾಗದಲ್ಲಿ ಹೊಸ ಪ್ಲೌ ಲೇನ್ ಏಳುತ್ತಿತ್ತು. ಖರ್ಚು ಅಂದಾಜು ಮೀರಿ, ಹಣ ಸಾಲದಾಯಿತು. ಹೊರಗಿನ ಹೂಡಿಕೆದಾರರನ್ನು ತಂದರೆ ಹಣ ಸಿಗುತ್ತದೆ, ಆದರೆ ಟ್ರಸ್ಟ್‌ನ ಹಿಡಿತ ಸಡಿಲವಾಗುತ್ತದೆ ಎಂಬ ಪ್ರಶ್ನೆ ಎದ್ದಿತು. ಸದಸ್ಯರು ಪಟ್ಟು ಹಿಡಿದರು, ಅಭಿಮಾನಿಗಳಿಂದಲೇ ಸಾಲ ಎತ್ತುವ ದಾರಿ ಹುಟ್ಟಿತು. ಧಣಿಯೊಬ್ಬನ ಕ್ಲಬ್ಬಾಗಿದ್ದರೆ ಆ ತೀರ್ಮಾನ ಒಂದು ಕೋಣೆಯೊಳಗೆ ಮುಗಿದುಹೋಗುತ್ತಿತ್ತು.

ಎಲ್ಲ ಕಡೆ ಮತ ಹೀಗೇ ಬೀಳುತ್ತದೆ ಎಂದೇನಿಲ್ಲ. ಪೋರ್ಟ್ಸ್‌ಮತ್ ಅಭಿಮಾನಿಗಳು 2013ರಲ್ಲಿ ದಿವಾಳಿಯಿಂದ ಉಳಿಸಿಕೊಂಡ ಕ್ಲಬ್ಬನ್ನು 2017ರಲ್ಲಿ ತಾವೇ ಮತ ಹಾಕಿ ಅಮೆರಿಕದ ಹೂಡಿಕೆದಾರರಿಗೆ ಮಾರಿದರು. ರೆಕ್ಸಮ್‌ನವರದೂ ಹಾಗೆಯೇ, 2021ರಲ್ಲಿ ಇಬ್ಬರು ನಟರಿಗೆ. ಮಾರುವ ಅಧಿಕಾರವೂ ಮತದೊಳಗೆ ಸೇರಿದೆ. ಅದನ್ನು ತಪ್ಪೆನ್ನಲಾರೆ.

ಇನ್ನು ಈ ವ್ಯವಸ್ಥೆಯ ದೋಷಗಳು. ಮೊದಲನೆಯದು ಸಂಬಳದ ಗೋಡೆ. ಇಂಗ್ಲೆಂಡಿನ ಮೂರನೇ ಹಂತವಾದ ಲೀಗ್ ಒನ್‌ನಲ್ಲಿ ಹಲವು ವರ್ಷ ಆಟಗಾರರ ಸಂಬಳಕ್ಕೆ ಆದಾಯದ ಶೇ. 60ರ ಮಿತಿಯಿತ್ತು, ನಾಲ್ಕನೆಯ ಹಂತದ ಲೀಗ್ ಟೂನಲ್ಲಿ ಇನ್ನೂ ಕಡಿಮೆ. ಕೇಳಲು ನ್ಯಾಯವಾಗಿದೆ. ಆದರೆ ಮಾಲೀಕ ಸಾಲವಾಗಿ ಅಲ್ಲದೆ ದಾನವಾಗಿಯೋ ಷೇರಾಗಿಯೋ ಸುರಿದ ಹಣವೂ ಆ ಲೆಕ್ಕದಲ್ಲಿ ಸಂಬಳಕ್ಕೆ ಸಲ್ಲುತ್ತಿತ್ತು. ಅಂದರೆ ದೊಡ್ಡ ಜೇಬಿನ ಮಾಲೀಕನಿರುವ ತಂಡಕ್ಕೆ ಮಿತಿಯೇ ಬಾಧಿಸದು, ಅಭಿಮಾನಿಗಳ ಕ್ಲಬ್ಬಿಗೆ ಮಾತ್ರ ಬಿಗಿಯುತ್ತದೆ. 2021-22ರಲ್ಲಿ ಎಎಫ್‌ಸಿ ವಿಂಬಲ್ಡನ್ ಡಿಸೆಂಬರ್‌ನಿಂದ ಋತುವಿನ ಕೊನೆಯವರೆಗೆ ಲೀಗ್‌ನ 27 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ ಕೆಳಹಂತಕ್ಕೆ ಇಳಿಯಿತು. ಎರಡನೆಯದು ನಿಧಾನ. ಸದಸ್ಯರಿಗೆ ತಿಳಿಸಿ, ಚರ್ಚಿಸಿ, ಮತ ಹಾಕಿಸುವಷ್ಟರಲ್ಲಿ ವಾರಗಳು ಹೋಗುತ್ತವೆ. ಮಂಡಳಿಯಲ್ಲಿರುವವರು ಬಹುಪಾಲು ತಮ್ಮ ಉದ್ಯೋಗ ಮುಗಿಸಿ ಬಂದು ಸಂಜೆ ಕೂರುವ ಸ್ವಯಂಸೇವಕರು, ಅವರು ದಣಿಯುವುದು ಸಹಜ.

ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಣ್ಣ ಕ್ಲಬ್ಬಿನ ಅತಿ ದೊಡ್ಡ ಆದಾಯ ಸಿಗುವುದೂ ಕೈತಪ್ಪುವುದೂ ಇಲ್ಲೇ: ಆಟಗಾರನ ಮಾರಾಟ. 2020-21ರಲ್ಲಿ ಎಎಫ್‌ಸಿ ವಿಂಬಲ್ಡನ್‌ನ ಜೋ ಪಿಗಟ್ ಲೀಗ್‌ನಲ್ಲಿ 20 ಗೋಲು ಹೊಡೆದ. ಆ ಬೇಸಿಗೆಯಲ್ಲಿ ಕರಾರು ಮುಗಿದಿತ್ತು. ಇಪ್ಸ್‌ವಿಚ್‌ಗೆ ಹೋದ, ಕ್ಲಬ್ಬಿಗೆ ಒಂದು ಪೌಂಡೂ ಸಿಗಲಿಲ್ಲ. ನಿಯಮ ಹೀಗಿದೆ: ಕರಾರುಗಳು ಜೂನ್ 30ಕ್ಕೆ ಮುಗಿಯುತ್ತವೆ. ಆಟಗಾರ 24 ತುಂಬದವನಾಗಿದ್ದು ಕ್ಲಬ್ ಹೊಸ ಕರಾರು ನೀಡಲು ಮುಂದಾಗಿದ್ದರೆ, ಬಿಟ್ಟುಹೋದಾಗ ಪರಿಹಾರ ಸಿಗುತ್ತದೆ. ವಯಸ್ಸು ದಾಟಿದ್ದರೆ ಏನೂ ಇಲ್ಲ. ಆದ್ದರಿಂದ ಕರಾರಿನಲ್ಲಿ ಒಂದು ವರ್ಷ ಬಾಕಿ ಇರುವಾಗಲೇ ಮುಂದುವರಿಸಬೇಕು, ಇಲ್ಲವೇ ಮಾರಬೇಕು. ಆದರೆ ಋತುವಿನ ನಡುವೆ ಜನವರಿಯಲ್ಲಿ ಒಳ್ಳೆಯ ಗೋಲುಗಾರನನ್ನು ಮಾರಿದರೆ ತಂಡ ಕೆಳಗಿಳಿಯುವ ಭಯ, ಮಾರದಿದ್ದರೆ ದುಡ್ಡು ಹೋಗುವ ಭಯ. ಮುಂದಿನ ವರ್ಷಗಳಲ್ಲಿ ಕ್ಲಬ್ ಮಾರಾಟದ ದಾರಿ ಹಿಡಿಯಿತು. ತಮ್ಮಲ್ಲೇ ಬೆಳೆದ ಜಾಕ್ ರುಡೋನಿ 2022ರಲ್ಲಿ ಹಡರ್ಸ್‌ಫೀಲ್ಡ್‌ಗೆ, ಆಯೂಬ್ ಅಸಲ್ 2023ರಲ್ಲಿ ಕತಾರ್‌ಗೆ, ಒಂದು ವರ್ಷ ಹಿಂದಷ್ಟೇ ತಂದಿದ್ದ ಅಲಿ ಅಲ್ ಹಮಾದಿ 2024ರ ಜನವರಿಯಲ್ಲಿ ಇಪ್ಸ್‌ವಿಚ್‌ಗೆ.

ಈ ವಿದ್ಯೆಯಲ್ಲಿ ಪಳಗಿದವರು ಎಕ್ಸಿಟರ್ ಸಿಟಿಯವರು. ಅದೂ 2003ರಿಂದ ಅಭಿಮಾನಿಗಳ ಟ್ರಸ್ಟ್‌ನ ಕ್ಲಬ್ಬೇ. 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡ್ ಟ್ರಾಫರ್ಡ್‌ನಲ್ಲಿ 0-0 ಡ್ರಾ ಮಾಡಿಕೊಂಡು, ಮರುಪಂದ್ಯವನ್ನು ತಮ್ಮ ಊರಿಗೆ ತಂದು, ಎರಡೂ ಪಂದ್ಯದ ಗಳಿಕೆಯ ಪಾಲಿನಿಂದ ಹಳೆಯ ಸಾಲ ತೀರಿಸಿಕೊಂಡರು. ಮುಂದೆ 2017ರಲ್ಲಿ ಓಲಿ ವಾಟ್ಕಿನ್ಸ್‌ನನ್ನು ಬ್ರೆಂಟ್‌ಫರ್ಡ್‌ಗೆ ಮಾರುವಾಗ ಮರುಮಾರಾಟದಲ್ಲಿ ತಮಗೂ ಪಾಲು ಎಂಬ ಷರತ್ತು ಬರೆಸಿಕೊಂಡರು. 2020ರಲ್ಲಿ ಆತ ಆಸ್ಟನ್ ವಿಲ್ಲಾಗೆ ಹೋದಾಗ ಅದು ಫಲ ಕೊಟ್ಟಿತು. ಕಪ್‌ನ ಆ ಹಳೆಯ ದಾರಿ ಈಗ ಮುಚ್ಚಿದೆ. 2024-25ರಿಂದ ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯ ಇಲ್ಲ. ಸಣ್ಣವರ ಪಾಲಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ನಂಬಿಕೆ.

ಬಾಂಡ್

ಪ್ಲೌ ಲೇನ್ ಬಾಂಡ್ 2020ರ ಆರಂಭದಲ್ಲಿ ಬಂತು, 50 ಲಕ್ಷ ಪೌಂಡ್‌ಗೂ ಹೆಚ್ಚು ಎತ್ತಿತು. ಕೊಳ್ಳುವವರೇ ಬಡ್ಡಿ ಆರಿಸಿಕೊಳ್ಳಬಹುದಿತ್ತು: ಶೂನ್ಯದಿಂದ ಶೇ. 4ರವರೆಗೆ. ಅವಧಿಯೂ ಐದು, ಹತ್ತು ಅಥವಾ ಇಪ್ಪತ್ತು ವರ್ಷ. ಬಡ್ಡಿ ಬೇಡ ಎನ್ನುವ ಆಯ್ಕೆ ಕೊಟ್ಟದ್ದೇ ಜಾಣ ನಡೆ, ಪ್ರೀತಿಯಿಂದ ಕೊಡುವವರಿಗೂ ಲೆಕ್ಕ ಹಾಕಿ ಕೊಡುವವರಿಗೂ ಒಂದೇ ಪತ್ರದಲ್ಲಿ ಜಾಗ ಸಿಕ್ಕಿತು. ಹೂಡಿಕೆಯಾಗಿ ನೋಡಿದರೆ ಮಾತ್ರ ಇದು ದುರ್ಬಲ. ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಅಪಾಯಕ್ಕೆ ಶೇ. 4 ಎಂದಿಗೂ ತಕ್ಕ ಬಡ್ಡಿಯಲ್ಲ. ನಡುವೆ ಹಣ ಬೇಕೆಂದರೆ ಕೊಳ್ಳುವ ಪೇಟೆಯೂ ಇಲ್ಲ. ಕ್ಲಬ್ಬಿಗೂ ಒಂದು ಹೊರೆ ಇದೆ. ಒಂದೇ ಅವಧಿಯ ಪತ್ರಗಳ ಅಸಲು ಒಟ್ಟಿಗೆ ಗಡುವಿಗೆ ಬರುತ್ತದೆ, ಕೊಟ್ಟವರನ್ನು ಮತ್ತೆ ಮುಂದುವರಿಸಲು ಒಪ್ಪಿಸಬೇಕು ಅಥವಾ ತೀರಿಸಬೇಕು. ಇಂಥದ್ದನ್ನು ಯಾವ ಕ್ಲಬ್ ತಂದರೂ ಕಳೆದುಕೊಂಡರೆ ನೋವಾಗದಷ್ಟು ಹಣ ಮಾತ್ರ ಹಾಕಿ.

ಆ ಹಣದಿಂದ ಸಿಕ್ಕಿದ್ದೇನು? 2020ರ ನವೆಂಬರ್ 3ರಂದು ಡಾಂಕಾಸ್ಟರ್ ವಿರುದ್ಧ ಹೊಸ ಮೈದಾನದ ಮೊದಲ ಪಂದ್ಯ, 2-2. ಕೋವಿಡ್ ಕಾರಣ ಒಳಗೆ ಪ್ರೇಕ್ಷಕರಿರಲಿಲ್ಲ. ಕಟ್ಟಿದವರೇ ಹೊರಗಿದ್ದರು. ಅದೇ ವರ್ಷ ಈ ಅಭಿಮಾನಿಗಳು ಡಾನ್ಸ್ ಲೋಕಲ್ ಆಕ್ಷನ್ ಗ್ರೂಪ್ ಎಂಬ ತಂಡ ಕಟ್ಟಿಕೊಂಡು ಸುತ್ತಲ ಬಡಾವಣೆಗಳ ಮನೆಮನೆಗೆ ದಿನಸಿ ಹಂಚುತ್ತಿದ್ದರು. ಲೀಗ್ ಟೂಗೆ ಇಳಿದ ಮೇಲೂ ಏಳು ಸಾವಿರದ ಮೇಲೆ ಜನ ಏಕೆ ಬಂದರು ಎಂಬ ಪ್ರಶ್ನೆಗೆ ನನಗೆ ಸಿಗುವ ಉತ್ತರ ಈ ದಿನಸಿ ಚೀಲಗಳಲ್ಲೂ ಆ ಮತಪತ್ರಗಳಲ್ಲೂ ಇದೆ. ಜಾಹೀರಾತಿನಿಂದ ಬಂದ ಜನ ಸೋತಾಗ ಮನೆಯಲ್ಲಿ ಉಳಿಯುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ವಾಂಡಲ್ ಉಕ್ಕಿ ಅಂಕಣದಲ್ಲೇ ದೊಡ್ಡ ಗುಂಡಿ ಬಿದ್ದು, ನ್ಯೂಕಾಸಲ್ ವಿರುದ್ಧದ ಲೀಗ್ ಕಪ್ ಪಂದ್ಯ ಎದುರಾಳಿಯ ಊರಿಗೆ ಹೋಯಿತು. ತವರಿನ ಪಂದ್ಯದ ದುಡ್ಡು ತಪ್ಪಿದರೂ ಅಭಿಮಾನಿಗಳು ಎತ್ತಿದ ದೇಣಿಗೆ ಒಂದು ಲಕ್ಷ ಪೌಂಡ್ ದಾಟಿತು. 2025ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ವಾಲ್ಸಲ್ ಅನ್ನು 1-0ರಿಂದ ಮಣಿಸಿ ಮತ್ತೆ ಲೀಗ್ ಒನ್‌ಗೆ ಏರಿದರು.

ಕೊಳ್ಳುವವರಿಗೆ ಕೊನೆಯ ಮಾತು. ಲಂಡನ್ನಿನಲ್ಲಿದ್ದರೆ ಮೊದಲು ಒಂದು ಪಂದ್ಯದ ಟಿಕೆಟ್ ತೆಗೆದುಕೊಳ್ಳಿ, ಮನಸ್ಸು ನಾಟಿದರೆ ಸದಸ್ಯತ್ವ. ದೂರದಲ್ಲಿದ್ದರೂ ಸದಸ್ಯರಾಗಬಹುದು. ಬೆಂಗಳೂರಿನಲ್ಲಿ ಕೂತು ಫಲಿತಾಂಶ ಕಾಯುವವರಿಗೆ ಅಲ್ಲಿನ ಮೂರು ಗಂಟೆ ಎಂದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಎಂಟೂವರೆ, ಬೇಸಿಗೆ ಸಮಯದಲ್ಲಿ ಏಳೂವರೆ. ಯಾವುದೇ ಇಂಗ್ಲಿಷ್ ಕ್ಲಬ್ಬಿಗೆ ಸಾಲವೋ ಷೇರು ಹಣವೋ ಕೊಡುವ ಮುನ್ನ ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಆ ಕಂಪನಿಯ ಹೆಸರು ಹುಡುಕಿ, ದಾಖಲೆಗಳು ಉಚಿತ. ಮೂರು ಕಡೆ ನೋಡಿ: ಮೈದಾನದ ಮೇಲೆ ಯಾರ ಅಡಮಾನವಿದೆ, ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿ ಕೈಯಲ್ಲಿರುವ ನಗದಿಗಿಂತ ಎಷ್ಟು ಪಟ್ಟು, ಲೆಕ್ಕಪತ್ರ ಸಲ್ಲಿಸಲು ತಡ ಮಾಡಿದ್ದಾರೆಯೇ. ಮೂರನೆಯದು ಒಂದಕ್ಕಿಂತ ಹೆಚ್ಚು ಸಲ ಆಗಿದ್ದರೆ ದುಡ್ಡು ಕೊಡಬೇಡಿ.